ಹಿಪ್ನಾಟಿಸಂನಲ್ಲಿ ಕೆಲಸ ಮಾಡೋದು ರೋಗಿಯ ಮನಸ್ಸೇ

(ಮನೋಚಿಕಿತ್ಸಕಿಯಾಗಿ ಸಾರ್ವಜನಿಕರ ಮುಂದೆ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇವತ್ತು ಇಲ್ಲಿ ಯಾರನ್ನೂ ವೇದಿಕೆಗೆ ಕರೆದು ಹಿಪ್ನಾಟೈಸ್ ಮಾಡಿ ತೋರಿಸುವುದಿಲ್ಲ. ಅದನ್ನು ನೋಡೋಕೆ ಅಂತಲೇ ಬಂದವರು ಕೆಲವರಿದ್ದೀರಿ, ಗೊತ್ತು. ಆದರೆ ಈ ವಿಷಯದ ಬಗ್ಗೆ ಇರುವ ಅರ್ಧದಷ್ಟು ತಪ್ಪು ತಿಳಿವಳಿಕೆ ಹುಟ್ಟಿದ್ದೇ ಅಂಥ ಪ್ರದರ್ಶನಗಳಿಂದ.

ವೇದಿಕೆ ಮೇಲಿನ ಪ್ರದರ್ಶನ ಹೇಗೆ ನಡೆಯುತ್ತದೆ ನೋಡಿ. ಮೊದಲು ಇಡೀ ಸಭೆಗೆ ಹೇಳುತ್ತಾರೆ: ಎರಡೂ ಕೈಯ ಬೆರಳು ಹೆಣೆದು ಬಿಗಿಯಾಗಿ ಹಿಡಿಯಿರಿ, ಕೈ ಅಂಟಿಕೊಂಡಿದೆ, ಈಗ ಬಿಡಿಸೋಕೆ ಆಗೋದಿಲ್ಲ ಅಂತ. ಹೆಚ್ಚಿನವರು ಸಲೀಸಾಗಿ ಬಿಡಿಸಿಕೊಳ್ಳುತ್ತಾರೆ. ಕೆಲವರಿಗೆ ನಿಜಕ್ಕೂ ಬಿಡಿಸೋಕೆ ಆಗುವುದಿಲ್ಲ. ವೇದಿಕೆಗೆ ಕರೆಯೋದು ಅವರನ್ನೇ. ಅಂದರೆ ಆಟ ಶುರುವಾಗುವ ಮೊದಲೇ ಆಯ್ಕೆ ಮುಗಿದಿರುತ್ತದೆ. ಅದರ ಮೇಲೆ ಬೆಳಕು, ಚಪ್ಪಾಳೆ, ಸಾವಿರ ಜನ ನೋಡುತ್ತಿದ್ದಾರೆ ಅನ್ನೋ ಒತ್ತಡ. ನೋಡುವವರಿಗೆ ಮಾತ್ರ ಆ ಮನುಷ್ಯನ ಕಣ್ಣಲ್ಲಿ ಏನೋ ಶಕ್ತಿ ಇದೆ ಅನ್ನಿಸುತ್ತದೆ.

ನಮ್ಮ ಪೇಪರ್‌ಗಳಲ್ಲಿ ಬರುವ ಸುದ್ದಿಯೂ ಇದೇ ನಂಬಿಕೆಯ ಮೇಲೆ ನಿಂತಿದೆ. ‘ಹಿಪ್ನಾಟೈಸ್ ಮಾಡಿ ಮಾಂಗಲ್ಯ ಸರ ದೋಚಿದರು.’ ಮಾತಿನಲ್ಲಿ ಮರುಳು ಮಾಡಿ, ಗಮನ ಬೇರೆ ಕಡೆ ಸೆಳೆದು, ಕೆಲವೊಮ್ಮೆ ತಿನ್ನೋಕೆ ಕುಡಿಯೋಕೆ ಏನೋ ಬೆರೆಸಿ ಕೊಟ್ಟು ಮಾಡುವ ಮೋಸ ಅದು. ಮೋಸ ಹೋದವರಿಗೆ ಆಮೇಲೆ ತುಂಬಾ ನಾಚಿಕೆ ಆಗುತ್ತದೆ. ನಾನೇ ಹೇಗೆ ಬಿಚ್ಚಿಕೊಟ್ಟೆ ಅಂತ ಅವರಿಗೇ ಅರ್ಥವಾಗುವುದಿಲ್ಲ. ಮನೆಯವರು ಬೈಯುತ್ತಾರೆ. ಆಗ ‘ಹಿಪ್ನಾಟೈಸ್’ ಅನ್ನೋ ಮಾತು ಅವರಿಗೆ ಒಂದು ಆಸರೆ. ನಾನು ಅವರನ್ನು ದೂರುವುದಿಲ್ಲ. ಆದರೆ ದಾರಿಯಲ್ಲಿ ಹೋಗುವ ಅಪರಿಚಿತರೊಬ್ಬರು ಕಣ್ಣು ನೋಡಿ ನಿಮ್ಮ ಇಚ್ಛೆಯನ್ನೇ ಕಿತ್ತುಕೊಳ್ಳೋಕೆ ಸಾಧ್ಯವಿಲ್ಲ. ಆ ಭಯ ಬೇಡ. ಗೋಡೆ ಮೇಲೆ, ಟಿವಿಯಲ್ಲಿ ಕಾಣುವ ‘ಸ್ತ್ರೀ ಪುರುಷ ವಶೀಕರಣ, ಒಂದೇ ದಿನದಲ್ಲಿ ಪರಿಹಾರ’ ಜಾಹೀರಾತಿಗೂ ನಾನು ಈಗ ಹೇಳಹೊರಟಿರುವ ಚಿಕಿತ್ಸೆಗೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಹಿಪ್ನಾಟಿಸಂ, ಕನ್ನಡದಲ್ಲಿ ಸಮ್ಮೋಹನ, ಅಂದರೆ ಏನು? ಗಮನವನ್ನು ಒಂದೇ ಕಡೆ ಗಟ್ಟಿಯಾಗಿ ನಿಲ್ಲಿಸಿ, ಸುತ್ತಲಿನದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಸೂಚನೆಯ ಮಾತಿಗೆ ಮನಸ್ಸು ದೇಹ ಎರಡೂ ಸ್ಪಂದಿಸುವಂಥ ಸ್ಥಿತಿ. ನಿದ್ದೆ ಅಲ್ಲ. ಕಿವಿ ಕೇಳುತ್ತಿರುತ್ತದೆ, ಬೇಕಾದರೆ ಎದ್ದು ಹೋಗಬಹುದು. ಕಾದಂಬರಿ ಓದುತ್ತಾ ಕೂತಾಗ ಅಮ್ಮ ಕರೆದದ್ದು ಕೇಳಿಸಲ್ಲ, ಅಲ್ವಾ? ಮುಳುಗುವ ಆ ಗುಣ ಎಲ್ಲರಲ್ಲೂ ಒಂದಿಷ್ಟು ಇದೆ, ಕೆಲವರಲ್ಲಿ ಜಾಸ್ತಿ, ಕೆಲವರಲ್ಲಿ ಕಡಿಮೆ. ಇದನ್ನು ಅಳೆಯೋಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1959ರಲ್ಲೇ ಒಂದು ಮಾಪಕ ತಯಾರಿಸಿದರು. ಒಂದೇ ತರಹದ ಸೂಚನೆಗಳನ್ನು ಎಲ್ಲರಿಗೂ ಕೊಟ್ಟು, ಯಾರು ಎಷ್ಟಕ್ಕೆ ಸ್ಪಂದಿಸುತ್ತಾರೆ ಅಂತ ನೋಡೋದು. ಅಲ್ಲೇ ಕೆಲವರನ್ನು 25 ವರ್ಷ ಬಿಟ್ಟು ಮತ್ತೆ ಅಳೆದಾಗ ಅಂಕ ಹೆಚ್ಚೂಕಮ್ಮಿ ಹಿಂದಿನ ಹಾಗೇ ಬಂತು. ಹೆಚ್ಚು ಸ್ಪಂದಿಸುವವರು ದಡ್ಡರೂ ಅಲ್ಲ, ಮನಸ್ಸು ದುರ್ಬಲವಾದವರೂ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಯಾಕೆಂದರೆ ‘ನಂದು ಸ್ಟ್ರಾಂಗ್ ಮೈಂಡ್, ನನಗೆ ಆಗಲ್ಲ’ ಅಂತ ಹೆಮ್ಮೆಯಿಂದ ಹೇಳುವವರು ಬಹಳ ಜನ.

ಈಗ ಇದು ಎಲ್ಲಿಂದ ಬಂತು ಅನ್ನೋ ಸ್ವಲ್ಪ ಇತಿಹಾಸ. ಫ್ರಾಂಝ್ ಆಂಟನ್ ಮೆಸ್ಮರ್ ಅನ್ನೋ ವೈದ್ಯ ವಿಯೆನ್ನಾ ಬಿಟ್ಟು 1778ರಲ್ಲಿ ಪ್ಯಾರಿಸ್‌ಗೆ ಬಂದ. ಜೀವಿಗಳಲ್ಲಿ ಒಂದು ಕಾಂತ ಪ್ರವಾಹ ಇದೆ, ಅದನ್ನು ಸರಿಯಾಗಿ ಹರಿಸಿದರೆ ರೋಗ ವಾಸಿ ಅಂತ ಅವನ ವಾದ. ಊರಿಗೆ ಊರೇ ಹುಚ್ಚಾಯಿತು. 1784ರಲ್ಲಿ ರಾಜ ಹದಿನಾರನೇ ಲೂಯಿ ತನಿಖೆಗೆ ಒಂದು ಸಮಿತಿ ನೇಮಿಸಿದ. ಅದರಲ್ಲಿ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಇದ್ದ, ಲವಾಸಿಯೆ ಅನ್ನೋ ರಸಾಯನಶಾಸ್ತ್ರಜ್ಞ ಇದ್ದ. ಅವರು ಮಾಡಿದ ಪರೀಕ್ಷೆ ಇವತ್ತಿಗೂ ಪಾಠ ಹೇಳಿಕೊಡುವ ಹಾಗಿದೆ. ಫ್ರಾಂಕ್ಲಿನ್ ಇದ್ದ ಮನೆಯ ತೋಟದಲ್ಲಿ ಒಂದು ಮರಕ್ಕೆ ಮೆಸ್ಮರನ ಶಿಷ್ಯ ಡೆಸ್ಲಾನ್ ‘ಕಾಂತ ತುಂಬಿದ’. ಹನ್ನೆರಡು ವರ್ಷದ ಹುಡುಗನಿಗೆ ಕಣ್ಣು ಕಟ್ಟಿ ಬೇರೆ ಬೇರೆ ಮರಗಳ ಹತ್ತಿರ ಕರೆದುಕೊಂಡು ಹೋದರು. ಮೊದಲ ಮರಕ್ಕೇ ಬೆವರು, ಕೆಮ್ಮು. ನಾಲ್ಕನೇ ಮರದ ಹತ್ತಿರ ಪ್ರಜ್ಞೆ ತಪ್ಪಿ ಬಿದ್ದ. ಅವನು ಮುಟ್ಟಿದ ಯಾವ ಮರಕ್ಕೂ ಯಾರೂ ಏನೂ ಮಾಡಿರಲಿಲ್ಲ. ಕಾಂತ ತುಂಬಿದ ಮರ ಇನ್ನೂ ದೂರದಲ್ಲಿತ್ತು.

ಕಾಂತವೂ ಇಲ್ಲ ಏನೂ ಇಲ್ಲ, ಇದೆಲ್ಲ ಕಲ್ಪನೆಯ ಕೆಲಸ ಅಂತ ಸಮಿತಿ ಬರೆಯಿತು. ಅದು ಸರಿಯಾದ ತೀರ್ಪು. ಆದರೆ ಡೆಸ್ಲಾನ್ ಒಂದು ಒಳ್ಳೆಯ ಪ್ರಶ್ನೆ ಎತ್ತಿದ: ಕಲ್ಪನೆಯಿಂದಲೇ ಗುಣವಾಗುವುದಾದರೆ ಆ ಕಲ್ಪನೆಯನ್ನೇ ಔಷಧಿಯಾಗಿ ಯಾಕೆ ಬಳಸಬಾರದು? ಬರೀ ಎದುರು ನೋಡಿದ್ದರಿಂದ ಒಬ್ಬ ಹುಡುಗ ಬೆವರಿದ, ಕೆಮ್ಮಿದ, ಬಿದ್ದ. ಇದು ಸಣ್ಣ ವಿಷಯ ಅಲ್ಲ. ಆ ಪ್ರಶ್ನೆಯನ್ನು ಅವತ್ತು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಅದಾಗಿ ಅರವತ್ತು ವರ್ಷದ ಮೇಲೆ ಕಥೆ ನಮ್ಮ ದೇಶಕ್ಕೆ ಬರುತ್ತದೆ. ಬಂಗಾಳದ ಹೂಗ್ಲಿ. 1845ರ ಏಪ್ರಿಲ್ 4. ಈಸ್ಟ್ ಇಂಡಿಯಾ ಕಂಪನಿಯ ಸ್ಕಾಟಿಷ್ ವೈದ್ಯ ಜೇಮ್ಸ್ ಎಸ್ಡೇಲ್ ಜೈಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ. ವೃಷಣದಲ್ಲಿ ನೀರು ತುಂಬಿದ್ದ ಒಬ್ಬ ಕೈದಿಗೆ ಆಗಿನ ಪದ್ಧತಿಯ ಪ್ರಕಾರ ಚಿಕಿತ್ಸೆ ಮಾಡಿದ್ದ. ಅವನು ನೋವಿನಿಂದ ಒದ್ದಾಡುತ್ತಿದ್ದ. ಎಸ್ಡೇಲ್ ಮೆಸ್ಮರನ ವಿಧಾನದ ಬಗ್ಗೆ ಓದಿದ್ದ ಅಷ್ಟೇ, ಯಾರೂ ಮಾಡಿದ್ದನ್ನು ನೋಡಿರಲಿಲ್ಲ. ನೋಡೋಣ ಅಂತ ಕೈದಿಯ ಮೇಲೆ ನಿಧಾನವಾಗಿ ಕೈ ಆಡಿಸುತ್ತಾ ಕೂತ. ತುಂಬಾ ಹೊತ್ತಾದ ಮೇಲೆ ಅವನು ಶಾಂತನಾದ. ಚುಚ್ಚಿದರೂ ತಿಳಿಯದ ಹಾಗೆ ಮಲಗಿದ.

ಆಗ ಅರಿವಳಿಕೆ ಅನ್ನೋದು ಇರಲಿಲ್ಲ. ಅಮೆರಿಕದ ಬೋಸ್ಟನ್‌ನಲ್ಲಿ ಈಥರ್ ಕೊಟ್ಟು ಎಲ್ಲರೆದುರು ಆಪರೇಷನ್ ಮಾಡಿ ತೋರಿಸಿದ್ದು 1846ರ ಅಕ್ಟೋಬರ್‌ನಲ್ಲಿ. ಅಲ್ಲಿವರೆಗೆ ಕೈಕಾಲು ಹಿಡಿದುಕೊಂಡು ಕೊಯ್ಯುವುದೇ. ಬಂಗಾಳದಲ್ಲಿ ಆನೆಕಾಲು ರೋಗದಿಂದ ವೃಷಣ ಊದಿ, ಎದ್ದು ನಡೆಯೋಕೂ ಆಗದ ಹಾಗೆ ಗಡ್ಡೆ ಬೆಳೆದವರು ಬಹಳ ಜನ ಇದ್ದರು. ನೋವು, ಸಾವಿನ ಹೆದರಿಕೆಯಿಂದ ಆಪರೇಷನ್‌ಗೆ ಬರುತ್ತಿರಲಿಲ್ಲ. ಎಸ್ಡೇಲನ ಹೆಸರು ಹರಡಿದ ಮೇಲೆ ಅವರು ಬರತೊಡಗಿದರು. ಕತ್ತಲೆ ಕೋಣೆಯಲ್ಲಿ ರೋಗಿಯನ್ನು ಮಲಗಿಸಿ, ಆಸ್ಪತ್ರೆಯ ಸ್ಥಳೀಯ ಸಹಾಯಕರು ಗಂಟೆಗಟ್ಟಲೆ ಅವನ ಮೈಮೇಲೆ ಕೈ ಆಡಿಸುತ್ತಿದ್ದರು. ಗಮನಿಸಿ, ಆ ಕೆಲಸ ಮಾಡಿದ್ದು ಹೆಚ್ಚಾಗಿ ಎಸ್ಡೇಲ್ ಅಲ್ಲ, ಈ ಸಹಾಯಕರು. ಇತಿಹಾಸದಲ್ಲಿ ಅವರಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

1846ರಲ್ಲಿ ಬಂಗಾಳ ಸರ್ಕಾರ ಒಂದು ಸಮಿತಿ ಮಾಡಿತು. ಸಮಿತಿ ಕಣ್ಣಾರೆ ನೋಡಿದ್ದನ್ನು ಮುಚ್ಚಿಡದೆ ಬರೆಯಿತು. ಕೆಲವರು ಅಲುಗಾಡದೆ ಮಲಗಿದ್ದರು. ಕೆಲವರು ಕೈ ಒದರಿದರು, ಮುಖ ಹಿಂಡಿದರು, ಎದ್ದ ಮೇಲೆ ನೋವೇ ಆಗಲಿಲ್ಲ ಅಂದರು. ಕೆಲವರಿಗೆ ಏನು ಮಾಡಿದರೂ ಪರಿಣಾಮವೇ ಆಗಲಿಲ್ಲ. ಆಮೇಲೆ ಕಲ್ಕತ್ತಾದಲ್ಲಿ ಎಸ್ಡೇಲನಿಗೆ ಒಂದು ಸಣ್ಣ ಆಸ್ಪತ್ರೆಯನ್ನೇ ಕೊಟ್ಟರು. ಆದರೆ ಅಷ್ಟರಲ್ಲಿ ಈಥರ್ ಬಂತು, 1847ರಲ್ಲಿ ಕ್ಲೋರೋಫಾರ್ಮ್ ಬಂತು. ಗಂಟೆಗಟ್ಟಲೆ ಮಾಡುವ ಕೆಲಸವನ್ನು ಅವು ನಿಮಿಷಗಳಲ್ಲಿ ಮಾಡಿದವು, ಬಹುತೇಕ ಎಲ್ಲರ ಮೇಲೂ ಮಾಡಿದವು. ಕ್ಲೋರೋಫಾರ್ಮ್ ಗೆದ್ದಿದ್ದು ಒಳ್ಳೆಯದೇ ಆಯಿತು. ಇನ್ನೊಂದು ಮಾತನ್ನೂ ಹೇಳಲೇಬೇಕು: ಎಸ್ಡೇಲನ ರೋಗಿಗಳಲ್ಲಿ ಕೈದಿಗಳಿದ್ದರು, ಬಡವರಿದ್ದರು. ಅವರ ಒಪ್ಪಿಗೆಯನ್ನು ಯಾರು ಎಷ್ಟು ಕೇಳಿದರೋ! ಇವತ್ತು ಹಾಗೆ ಮಾಡೋಕೆ ಬಿಡಬಾರದು.

ಆ ಸಮಿತಿ ಬರೆದ ‘ಮುಖ ಹಿಂಡಿದರು, ಆದರೆ ನೋವಾಗಲಿಲ್ಲ ಅಂದರು’ ಅನ್ನುವುದನ್ನು ತುಂಬಾ ಜನ ನಾಟಕ ಅಂದುಕೊಂಡರು. ಅದಕ್ಕೆ ಸಮಾಧಾನವಾದ ಉತ್ತರ ಸಿಗೋಕೆ ನೂರೈವತ್ತು ವರ್ಷ ಬೇಕಾಯಿತು. 1997ರಲ್ಲಿ ಪಿಯರ್ ರೆನ್‌ವಿಲ್ ಮತ್ತು ಜೊತೆಯವರು ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಸಮ್ಮೋಹನಕ್ಕೆ ಒಳಗಾದವರ ಕೈಯನ್ನು 47 ಡಿಗ್ರಿ ಬಿಸಿನೀರಿನಲ್ಲಿ ಇಡಿಸಿದರು. ಕೈ ಸುಡುವಷ್ಟಲ್ಲದಿದ್ದರೂ ಚೆನ್ನಾಗಿ ನೋಯುವ ಬಿಸಿ ಅದು. ನೋವು ಇಳಿಯಲಿ ಅಂತ ಹೇಳಲಿಲ್ಲ. ಆ ನೋವಿನ ಹಿಂಸೆ ಕಡಿಮೆಯಾಗುತ್ತಿದೆ ಅಂತ ಒಮ್ಮೆ, ಜಾಸ್ತಿಯಾಗುತ್ತಿದೆ ಅಂತ ಇನ್ನೊಮ್ಮೆ ಸೂಚನೆ ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿದರು. ನೋವು ಎಲ್ಲಿ, ಎಷ್ಟು ಅಂತ ಗುರುತಿಸುವ ಭಾಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆ ನೋವು ಎಷ್ಟು ಕಾಡುತ್ತದೆ ಅನ್ನುವುದಕ್ಕೆ ಸಂಬಂಧಪಟ್ಟ ಮುಂಭಾಗದ ಸಿಂಗ್ಯುಲೇಟ್ ಅನ್ನೋ ಭಾಗದಲ್ಲಿ ಕೆಲಸ ಏರಿತು, ಇಳಿಯಿತು. ನೋವಿನಲ್ಲಿ ಎರಡು ಪದರ ಇವೆ ಅಂತ ಆಯಿತು. ಒಂದು ಸುದ್ದಿ, ಇನ್ನೊಂದು ಸಂಕಟ. ಸುದ್ದಿ ಬಂದರೂ ಸಂಕಟ ಇಳಿಯಬಹುದು. ಸೂಚನೆಯ ಮಾತನ್ನು ಬದಲಿಸಿ ಬೇರೆ ಪ್ರಯೋಗಗಳಲ್ಲಿ ನೋವಿನ ತೀವ್ರತೆಯನ್ನೂ ಇಳಿಸಿದ್ದಾರೆ.

ಇದು ಹತ್ತಿರದಿಂದ ಹೇಗಿರುತ್ತದೆ ಅಂತ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಥಲಸ್ಸೀಮಿಯಾ ಅನ್ನೋ ರಕ್ತದ ಕಾಯಿಲೆ ಇರುವ ಒಂಬತ್ತು ವರ್ಷದ ಹುಡುಗ. ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಕೈಯಲ್ಲಿ ನರ ಸಿಗುವುದು ಕಷ್ಟ, ಸೂಜಿ ನೋಡಿದರೆ ಕಿರುಚಾಟ, ಅವನ ಅಮ್ಮನಿಗೆ ಆಸ್ಪತ್ರೆಗೆ ಹೊರಡುವ ಹಿಂದಿನ ದಿನದಿಂದಲೇ ಊಟ ಸೇರುತ್ತಿರಲಿಲ್ಲ. ನಾನು ಅವನಿಗೆ ಕಣ್ಣು ಮುಚ್ಚು, ನಿದ್ದೆ ಬರುತ್ತಿದೆ ಅಂತೆಲ್ಲ ಹೇಳಲಿಲ್ಲ. ಮಕ್ಕಳಿಗೆ ಅದು ಬೇಕಾಗಿಯೂ ಇಲ್ಲ. ‘ನಿನಗೆ ತುಂಬಾ ತಣ್ಣಗಿರೋ ಜಾಗ ಯಾವುದು ಗೊತ್ತು?’ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ‘ಅಜ್ಜಿ ಮನೆ ಫ್ರೀಜರ್’ ಅಂದ. ಅದರಲ್ಲಿ ಏನಿರುತ್ತೆ? ‘ಐಸ್ ಕ್ಯಾಂಡಿ. ಅಜ್ಜಿ ಬಟಾಣಿ ಪ್ಯಾಕೆಟ್ ಕೆಳಗೆ ಬಚ್ಚಿಡ್ತಾಳೆ.’ ಸರಿ, ಈ ಕೈ ಒಳಗೆ ಹಾಕು, ಬಟಾಣಿ ಪ್ಯಾಕೆಟ್ ಸರಿಸು, ಹುಡುಕು. ಮಂಜು ಎಲ್ಲೆಲ್ಲಿ ತಾಗ್ತಿದೆ ಹೇಳು. ಬೆರಳ ತುದಿಗೆ, ಆಮೇಲೆ ಅಂಗೈಗೆ, ಆಮೇಲೆ ಮಣಿಕಟ್ಟಿಗೆ. ನಾನು ಅವಸರ ಮಾಡಲಿಲ್ಲ. ‘ಈಗ ಹೇಗಿದೆ?’ ಅಂದರೆ ‘ಜುಮ್ ಅಂತಿದೆ ಆಂಟಿ, ಕೈ ಮರದ ಥರ ಆಗಿದೆ’ ಅಂದ. ಸಿಸ್ಟರ್‌ಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಸೂಜಿ ಹೋಯಿತು. ಅವನ ಹುಬ್ಬು ಒಂದು ಸಲ ಗಂಟಿಕ್ಕಿತು, ಅಷ್ಟೇ. ‘ಕ್ಯಾಂಡಿ ಸಿಕ್ತಾ?’ ಅಂದೆ. ‘ಆರೆಂಜ್ ಇಲ್ಲ, ಕೋಲಾ ಇದೆ’ ಅಂದ.

ಆಮೇಲೆ ಕೇಳಿದಾಗ, ‘ಚುಚ್ಚಿದ್ದು ಗೊತ್ತಾಯ್ತು, ಆದ್ರೆ ದೂರದಲ್ಲೆಲ್ಲೋ ಚುಚ್ಚಿದ ಹಾಗಿತ್ತು’ ಅಂದ. ಚರ್ಮ ಮರಗಟ್ಟಿಸುವ ಮುಲಾಮನ್ನೂ ಹಚ್ಚಿದ್ದೆವು, ಅದನ್ನು ಬಿಡಲಿಲ್ಲ. ಫ್ರೀಜರ್ ನನ್ನದಲ್ಲ, ಕ್ಯಾಂಡಿ ನನ್ನದಲ್ಲ, ಅಜ್ಜಿ ಬಚ್ಚಿಡುವ ಜಾಗ ನನಗೆ ಗೊತ್ತೂ ಇರಲಿಲ್ಲ. ನಾನು ಕೇಳುತ್ತಾ ಹೋದೆ, ಕೆಲಸ ಮಾಡಿದ್ದು ಅವನು. ಎರಡು ಮೂರು ಸಲದಲ್ಲಿ ಅವನಿಗೇ ಅಭ್ಯಾಸವಾಯಿತು, ಅಮ್ಮನೂ ಪಕ್ಕದಲ್ಲಿ ಕೂತು ಕೇಳುವುದನ್ನು ಕಲಿತರು. ಜ್ವರ ಬಂದಿದ್ದ ಒಂದು ದಿನ ಮಾತ್ರ ಏನೂ ನಡೆಯಲಿಲ್ಲ, ಜೋರಾಗಿ ಅತ್ತ. ಹಾಗೂ ಆಗುತ್ತದೆ. ಮಕ್ಕಳಿಗೆ ಸೂಜಿ ಚುಚ್ಚುವ ಸಂದರ್ಭದಲ್ಲಿ ಸಮ್ಮೋಹನದಿಂದ ನೋವು, ಭಯ ಇಳಿಯುತ್ತದೆ ಅನ್ನುವುದಕ್ಕೆ ಇವತ್ತು ಹಲವು ಅಧ್ಯಯನಗಳ ಬೆಂಬಲ ಇದೆ. ನಮ್ಮ ಮಕ್ಕಳ ವಾರ್ಡ್‌ಗಳಲ್ಲಿ ಇದನ್ನು ಯಾಕೆ ಕಲಿಸುತ್ತಿಲ್ಲ ಅನ್ನೋದು ನನಗೆ ನಿಜವಾದ ಬೇಸರ. ಮಗುವನ್ನು ನಾಲ್ಕು ಜನ ಒತ್ತಿ ಹಿಡಿಯೋಕೆ ಬೇಕಾದ ಹೊತ್ತಿನಲ್ಲೇ ಇದೂ ಆಗುತ್ತದೆ.

ದೊಡ್ಡವರಲ್ಲೂ ಉಪಯೋಗ ಇದೆ. ನ್ಯೂಯಾರ್ಕ್‌ನಲ್ಲಿ 200 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಸ್ತನದ ಆಪರೇಷನ್‌ಗೆ ಮುಂಚೆ ಅರ್ಧದಷ್ಟು ಜನರಿಗೆ ಕಾಲು ಗಂಟೆ ಸಮ್ಮೋಹನ, ಉಳಿದವರ ಜೊತೆ ಅಷ್ಟೇ ಹೊತ್ತು ಕೂತು ಅವರ ಮಾತಿಗೆ ಕಿವಿಗೊಡುವುದು. ಸಮ್ಮೋಹನ ಸಿಕ್ಕವರಿಗೆ ಅರಿವಳಿಕೆಯ ಔಷಧಿ ಕಡಿಮೆ ಸಾಕಾಯಿತು, ಆಮೇಲೆ ನೋವು, ವಾಕರಿಕೆ, ಸುಸ್ತು ಕೂಡ ಕಡಿಮೆ. ಬೆಲ್ಜಿಯಂನ ಲಿಯೇಜ್‌ನಲ್ಲಿ 1992ರಿಂದ ಥೈರಾಯ್ಡ್ ಥರದ ಆಪರೇಷನ್‌ಗಳನ್ನು ಪೂರ್ತಿ ಪ್ರಜ್ಞೆ ತಪ್ಪಿಸದೆ, ಸಮ್ಮೋಹನದ ಜೊತೆ ಆ ಜಾಗಕ್ಕಷ್ಟೇ ಅರಿವಳಿಕೆ, ಸ್ವಲ್ಪ ಮಂಪರಿನ ಔಷಧಿ ಕೊಟ್ಟು ಮಾಡುತ್ತಾ ಬಂದಿದ್ದಾರೆ.

ಇನ್ನೊಂದು ಕಾಯಿಲೆ ಐಬಿಎಸ್, ಅಂದರೆ ಇರಿಟೇಬಲ್ ಬವೆಲ್ ಸಿಂಡ್ರೋಮ್, ಕರುಳಿನ ತೊಂದರೆ. ಇಲ್ಲಿ ಕೂತವರಲ್ಲಿ ಕೆಲವರಿಗಾದರೂ ಇರುತ್ತದೆ, ಬಾಯಿ ಬಿಟ್ಟು ಹೇಳೋದಿಲ್ಲ. ಹೊಟ್ಟೆ ಹಿಂಡೋದು, ಉಬ್ಬರ, ಒಂದು ದಿನ ಭೇದಿ, ಇನ್ನೊಂದು ದಿನ ಮಲಬದ್ಧತೆ. ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲ ನಾರ್ಮಲ್. ಬಸ್ ಹತ್ತೋಕೆ ಮುಂಚೆ, ಮದುವೆ ಮನೆಗೆ ಹೋಗೋಕೆ ಮುಂಚೆ ಟಾಯ್ಲೆಟ್ ಎಲ್ಲಿದೆ ಅಂತ ನೋಡಿಕೊಳ್ಳುವ ಬದುಕು. ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಅಂತ ಹೇಳಿ ಕಳಿಸಿದರೆ ಅವರಿಗೆ ಇನ್ನೂ ಅವಮಾನ. 1984ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಪೀಟರ್ ವೋರ್‌ವೆಲ್ ಅನ್ನೋ ವೈದ್ಯ ಯಾವ ಔಷಧಿಗೂ ಬಗ್ಗದ 30 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ತಿಂಗಳಲ್ಲಿ ಅರ್ಧರ್ಧ ಗಂಟೆಯ ಏಳು ಸಮ್ಮೋಹನ ಚಿಕಿತ್ಸೆ. ಇನ್ನೊಂದಕ್ಕೆ ಮಾತಿನ ಚಿಕಿತ್ಸೆ ಮತ್ತು ಹುಸಿ ಮಾತ್ರೆ. ಎರಡನೇ ಗುಂಪಿನಲ್ಲಿ ಸ್ವಲ್ಪ ಸುಧಾರಣೆ. ಮೊದಲ ಗುಂಪಿನಲ್ಲಿ ಬಹಳ ಹೆಚ್ಚು.

ಅಲ್ಲಿ ಮಾಡುವುದು ಸರಳ. ರೋಗಿಗೆ ಮೊದಲು ಕರುಳು ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳುತ್ತಾರೆ. ಕರುಳಿಗೂ ಮಿದುಳಿಗೂ ನರಗಳ ಮೂಲಕ ಎರಡೂ ಕಡೆಯ ಮಾತುಕತೆ ಇದೆ, ಅದು ಅತಿ ಸೂಕ್ಷ್ಮವಾಗಿಬಿಟ್ಟಿದೆ ಅಂತ. ಆಮೇಲೆ ಆಳವಾದ ವಿಶ್ರಾಂತಿಯಲ್ಲಿ ತಮ್ಮ ಕೈಯನ್ನೇ ಹೊಟ್ಟೆಯ ಮೇಲೆ ಇಟ್ಟುಕೊಂಡು ಅಲ್ಲಿ ಬೆಚ್ಚಗಾಗುವುದನ್ನು ಗಮನಿಸುತ್ತಾರೆ. ಹರಿಯುವ ನದಿಯನ್ನು ಕಲ್ಪಿಸಿಕೊಳ್ಳುತ್ತಾರೆ, ರಭಸ ಜಾಸ್ತಿಯಾದರೆ ನಿಧಾನ ಮಾಡುತ್ತಾರೆ, ಕಟ್ಟಿಕೊಂಡಿದ್ದರೆ ಹರಿಯಬಿಡುತ್ತಾರೆ. ಮನೆಯಲ್ಲಿ ದಿನಾ ಅಭ್ಯಾಸ ಮಾಡಬೇಕು. ತೀರ್ಥಹಳ್ಳಿ ಕಡೆಯವರಿಗೆ ನದಿ ಅಂದ ತಕ್ಷಣ ತುಂಗೆ ಕಣ್ಣ ಮುಂದೆ ಬಂದರೆ ನಾನು ಬೇರೆ ನದಿ ಕೊಡೋಕೆ ಹೋಗಲ್ಲ. ವರ್ಷದವರೆಗೆ ಔಷಧಿಯಿಂದ ಗುಣವಾಗದವರಿಗೆ ಇದನ್ನೂ ಯೋಚಿಸಬಹುದು ಅಂತ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ 2008ರಲ್ಲಿ ಬರೆಯಿತು.

ಎಲ್ಲದಕ್ಕೂ ಆಗುತ್ತಾ? ಇಲ್ಲ. ಸಿಗರೇಟ್ ಬಿಡಿಸೋಕೆ ‘ಒಂದೇ ಸಿಟ್ಟಿಂಗ್, ಗ್ಯಾರಂಟಿ’ ಅಂತ ಬೋರ್ಡ್ ನೋಡಿರುತ್ತೀರಿ. 2019ರಲ್ಲಿ ಕೊಕ್ರೇನ್ ಅನ್ನೋ ಸಂಶೋಧನಾ ಸಂಸ್ಥೆ ಅಲ್ಲಿವರೆಗಿನ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬೇರೆ ವಿಧಾನಗಳಿಗಿಂತ ಇದು ಮೇಲು ಅನ್ನೋಕೆ ಸಾಕಷ್ಟು ಆಧಾರ ಸಿಗಲಿಲ್ಲ. ಯಾರೂ ಇಲ್ಲದಾಗ ದನಿ ಕೇಳುವುದು, ಇಲ್ಲದ ಸಂಶಯ ಕಾಡುವುದು, ಇಂಥ ತೀವ್ರ ಮಾನಸಿಕ ಕಾಯಿಲೆಗಳಲ್ಲಿ ಇದನ್ನು ಸುಮ್ನೆ ಪ್ರಯೋಗ ಮಾಡಬಾರದು, ಅಲ್ಲಿ ಮನೋವೈದ್ಯರು ಕೊಡುವ ಔಷಧಿ ಬೇಕು. ಗಡ್ಡೆ ಕರಗಿಸುತ್ತೇನೆ, ಶುಗರ್ ಮಾತ್ರೆ ಬಿಡಿಸುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ.

ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸೋದು ಹಿಂದಿನ ಜನ್ಮದ ವ್ಯಾಪಾರ. ಬೆಂಗಳೂರಿನಲ್ಲಿ ಇದಕ್ಕೆ ಸಾವಿರಗಟ್ಟಲೆ ಕೊಡುವವರಿದ್ದಾರೆ. ಸಮ್ಮೋಹನದಲ್ಲಿ ಕಲ್ಪನೆ ಸಲೀಸಾಗುತ್ತದೆ, ಚಿತ್ರ ಕಣ್ಣಿಗೆ ಕಟ್ಟಿದ ಹಾಗೆ ಬರುತ್ತದೆ. ‘ಈಗ ಎಲ್ಲಿದ್ದೀರಿ? ಏನು ಕಾಣ್ತಿದೆ? ಯಾರು ಹೊಡೀತಿದ್ದಾರೆ?’ ಅಂತ ಕೇಳುತ್ತಾ ಹೋದರೆ ಮನಸ್ಸು ಉತ್ತರ ಕಟ್ಟುತ್ತದೆ. ಓದಿದ್ದು, ಸಿನಿಮಾದಲ್ಲಿ ನೋಡಿದ್ದು, ಅಜ್ಜಿ ಹೇಳಿದ್ದು ಎಲ್ಲ ಸೇರಿ ಒಂದು ಕಥೆ. ಅದು ಸುಳ್ಳು ಹೇಳುವುದಲ್ಲ, ಹೇಳುವವರಿಗೆ ಅದು ನಿಜವೇ ಅನ್ನಿಸುತ್ತದೆ. ಅಪಾಯ ಇರುವುದೇ ಅಲ್ಲಿ. ಸಮ್ಮೋಹನದಲ್ಲಿ ಬಂದ ನೆನಪು ಹೆಚ್ಚು ನಿಖರ ಆಗಿರುವುದಿಲ್ಲ, ಆದರೆ ಅದರ ಮೇಲಿನ ನಂಬಿಕೆ ಮಾತ್ರ ಹೆಚ್ಚಾಗುತ್ತದೆ. ಹಿಂದಿನ ಜನ್ಮದ ಕಥೆಯಾದರೆ ದುಡ್ಡು ಹೋಯಿತು ಅನ್ನಬಹುದು. ಇದೇ ಜನ್ಮದ ಬಾಲ್ಯದ ಬಗ್ಗೆ, ಸ್ವಂತ ಚಿಕ್ಕಪ್ಪನ ಬಗ್ಗೆ, ಅಪ್ಪನ ಬಗ್ಗೆ ಹೀಗೆ ಒಂದು ಸುಳ್ಳು ನೆನಪು ಕೂತುಬಿಟ್ಟರೆ ಮನೆ ಒಡೆಯುತ್ತದೆ. ಅಮೆರಿಕದಲ್ಲಿ 1980, 90ರ ದಶಕದಲ್ಲಿ ಹಾಗೆ ಎಷ್ಟೋ ಮನೆ ಒಡೆದು ಕೋರ್ಟಿನವರೆಗೂ ಹೋದವು. ನಿಜವಾಗಿ ದೌರ್ಜನ್ಯ ಅನುಭವಿಸಿದವರ ಮಾತಿನ ಮೇಲೂ ಅದರಿಂದ ಅನುಮಾನ ಬೀಳುತ್ತದೆ. ಅದಕ್ಕೇ ನಾನು ನೆನಪು ಕೆದಕೋಕೆ ಇದನ್ನು ಬಳಸುವುದಿಲ್ಲ, ಯಾರು ಬಂದು ಕೇಳಿದರೂ ಸರಿ.

ಆಮೇಲೆ ಕೆಲವರು ಕೇಳಿದ್ದು.

‘ಪೊಲೀಸರು ಹಿಪ್ನಾಟಿಸಂ ಮಾಡಿ ನಿಜ ಹೊರಗೆ ತೆಗೀತಾರಲ್ಲ?’ ನೀವು ಹೇಳುತ್ತಿರುವುದು ಮಂಪರು ಪರೀಕ್ಷೆ. ಅದು ಇಂಜೆಕ್ಷನ್ ಕೊಟ್ಟು ಮಾಡುವಂಥದ್ದು, ಇದಲ್ಲ. ಅದನ್ನೂ ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ ಅಂತ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ತೀರ್ಪು ಕೊಟ್ಟಿದೆ.

‘ಎಚ್ಚರ ಆಗದೆ ಹಾಗೇ ಉಳಿದುಬಿಟ್ಟರೆ?’ ಉಳಿಯುವುದಿಲ್ಲ. ನಾನು ಮಧ್ಯದಲ್ಲಿ ಎದ್ದು ಹೋದರೂ ನೀವು ಸ್ವಲ್ಪ ಹೊತ್ತಿಗೆ ತಾನಾಗಿ ಕಣ್ಣು ಬಿಡುತ್ತೀರಿ, ಇಲ್ಲವೇ ಸಣ್ಣ ನಿದ್ದೆ ಮಾಡಿ ಏಳುತ್ತೀರಿ. ಕೆಲವರಿಗೆ ಸ್ವಲ್ಪ ತಲೆ ಭಾರ, ಕೆಲವರಿಗೆ ಅಳು ಬರಬಹುದು. ಅದನ್ನು ನೋಡಿಕೊಳ್ಳೋಕೆ ಬರುವವರ ಹತ್ತಿರವೇ ಮಾಡಿಸಿಕೊಳ್ಳಬೇಕು.

‘ಯಾರ ಹತ್ತಿರ ಹೋಗೋದು ಮೇಡಂ?’ ಕೇಂದ್ರ ಆರೋಗ್ಯ ಇಲಾಖೆ 2003ರಲ್ಲಿ ಹೇಳಿದ ಪ್ರಕಾರ ಇದು ಸ್ವತಂತ್ರ ವೈದ್ಯ ಪದ್ಧತಿ ಅಲ್ಲ, ಸರಿಯಾದ ತರಬೇತಿ ಇರುವವರು ಬಳಸಬಹುದಾದ ಒಂದು ಚಿಕಿತ್ಸಾ ಕ್ರಮ. ಆದ್ದರಿಂದ ವಾರಾಂತ್ಯದ ಕೋರ್ಸ್ ಮಾಡಿದ ಸರ್ಟಿಫಿಕೇಟ್ ನೋಡಿ ಹೋಗಬೇಡಿ. ಮನೋವೈದ್ಯರೋ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆದ ಕ್ಲಿನಿಕಲ್ ಸೈಕಾಲಜಿಸ್ಟೋ ಆಗಿರಬೇಕು. ಆಮೇಲೆ ಇದರಲ್ಲಿ ತರಬೇತಿ ಇದೆಯಾ ಅಂತ ಕೇಳಿ. ಸಮ್ಮೋಹನ ಬರದಿದ್ದರೆ ಅವರು ಈ ಕಾಯಿಲೆಗೆ ಬೇರೆ ಏನು ಚಿಕಿತ್ಸೆ ಮಾಡಬಲ್ಲರು ಅನ್ನುವುದೇ ಒಳ್ಳೆಯ ಪರೀಕ್ಷೆ. ಬಾಗಿಲು ಹಾಕಿಕೊಂಡು ಮಾಡಿಸಿಕೊಳ್ಳೋಕೆ ಮುಜುಗರ ಆದರೆ ಮನೆಯವರನ್ನು ಜೊತೆಗೆ ಕೂರಿಸಿಕೊಳ್ಳಿ, ಅದಕ್ಕೆ ಒಪ್ಪದವರನ್ನು ಬಿಟ್ಟುಬಿಡಿ. ಎಲ್ಲಿಂದ ಶುರು ಮಾಡೋದು ಅಂತಲೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ. ಅವನ ತಂದೆಗೆ ಕೀಮೋ ನಡೆಯುತ್ತಿದೆ, ಆಸ್ಪತ್ರೆಯ ಗೇಟು ಕಂಡರೆ ಸಾಕು, ಔಷಧಿ ಹಾಕೋಕೆ ಮುಂಚೆಯೇ ವಾಂತಿ ಬರುತ್ತದಂತೆ. ಇದಕ್ಕೆ ಉಪಯೋಗ ಆಗಬಹುದಾ ಅಂತ. ಆಗಬಹುದು. ಹಿಂದಿನ ಸಲದ ಅನುಭವವನ್ನು ದೇಹ ಗೇಟಿಗೆ, ಆ ವಾಸನೆಗೆ ಜೋಡಿಸಿಕೊಂಡುಬಿಟ್ಟಿದೆ. ಅಂಥ ವಾಕರಿಕೆಗೆ ಸಮ್ಮೋಹನದಿಂದ ಪ್ರಯೋಜನ ಆಗಿರುವುದು ದಾಖಲಾಗಿದೆ. ಮೊದಲು ಕ್ಯಾನ್ಸರ್ ಡಾಕ್ಟರಿಗೆ ಇದನ್ನು ಹೇಳು, ವಾಂತಿ ಮಾತ್ರೆ ಸರಿ ಇದೆಯಾ ನೋಡಲಿ. ಆಮೇಲೆ ಅಲ್ಲಿರುವ ಮನಶ್ಶಾಸ್ತ್ರಜ್ಞರನ್ನು ಕೇಳು. ಮುಂದಿನ ಕೀಮೋದ ದಿನಕ್ಕೆ ಕಾಯಬೇಡ, ಈ ವಾರವೇ ಹೋಗು. ಅಪ್ಪನಿಗೆ ಮನೆಯಲ್ಲಿ ಆರಾಮವಾಗಿ ಕೂತಾಗ ಅಭ್ಯಾಸ ಮಾಡಿಕೊಳ್ಳೋಕೆ ನಾಲ್ಕು ದಿನ ಸಿಕ್ಕರೆ ಒಳ್ಳೆಯದು.